ಮೊದಲ ರಿವಾಲ್ವರ್: ಹೆಸರಿಗಿಂತ ಮೊದಲು ತೋಟಾ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ದ್ರಾಕ್ಷಿ ತೋಟ ಇದೆ, ಒಣದ್ರಾಕ್ಷಿ ವ್ಯಾಪಾರವೂ ಇದೆ. ಸೀಸನ್ ಬಂದರೆ ರಾತ್ರಿ ಹೊತ್ತು ರೊಕ್ಕ ಇಟ್ಟುಕೊಂಡು ತಿರುಗಾಡುವುದು ತಪ್ಪುವುದಿಲ್ಲ. ಹೋದ ವರ್ಷ ಇಬ್ಬರು ಬೈಕ್ ಮೇಲೆ ಬಂದು ನನ್ನ ಕಾರು ಅಡ್ಡಗಟ್ಟಿದರು. ಹಿಂದೆ ಲಾರಿ ಬಂತು, ಉಳಿದುಕೊಂಡೆ. ಆಮೇಲೆ ಅರ್ಜಿ ಹಾಕಿದೆ, ಈಗ ಲೈಸೆನ್ಸ್ ಮಂಜೂರಾಗಿದೆ. ನಾನು ಒಮ್ಮೆಯೂ ಗುಂಡು ಹಾರಿಸಿದವನಲ್ಲ. ಗೆಳೆಯರೊಬ್ಬರು ಹಳೇ ಜರ್ಮನ್ ಪಿಸ್ತೂಲ್ ಕೊಡಿಸ್ತೀನಿ ಅಂತಾರೆ, ಇನ್ನೊಬ್ಬರು ಹೊಸ ರಿವಾಲ್ವರ್ ತಗೋ ಅಂತಾರೆ. ನಂಬಿ ಇಟ್ಟುಕೊಳ್ಳುವಂಥದ್ದು ಯಾವುದು? ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದಾರೆ.

ಉತ್ತರ: ನಿಮ್ಮ ಎರಡನೇ ಗೆಳೆಯರು ಹೇಳಿದ್ದೇ ಸರಿ. ಹೊಸ .32 ರಿವಾಲ್ವರ್ ತಗೊಳ್ಳಿ. .32 ಅನ್ನುವುದು ಬೋರ್, ಅಂದರೆ ನಳಿಕೆಯ ತೂತಿನ ಅಳತೆ, ಇಂಚಿನ ಲೆಕ್ಕದಲ್ಲಿ. ಮೊದಲ ಸಲ ಕೊಳ್ಳುವ ಯಾರೇ ಕೇಳಿದರೂ ನಾನು ಹೇಳುವುದು ಇದನ್ನೇ. ನಾನು ಶಸ್ತ್ರಾಗಾರದಲ್ಲಿ ಆರ್ಮರರ್ ಆಗಿದ್ದವನು. ಆಯುಧ ಬಿಚ್ಚಿ, ಒರೆಸಿ, ಜೋಡಿಸಿ ಕೊಡುವುದೇ ಕೆಲಸ. ನಿವೃತ್ತಿಯಾಗಿ ಬೆಳಗಾವಿಯಲ್ಲಿ ಇದ್ದೇನೆ. ಈಗಲೂ ಜನ ಬಂದು ಕೇಳುತ್ತಾರೆ, ಹೆಚ್ಚಿನವರು ಕೊಂಡಾದ ಮೇಲೆ ಕೇಳುತ್ತಾರೆ. ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಅಂಗಡಿಗೆ ಹೋಗುವ ಮೊದಲು ಲೈಸೆನ್ಸ್ ಪುಸ್ತಕ ತೆಗೆದು ಎರಡು ಜಾಗ ಓದಿ. ಒಂದು, ಆಯುಧದ ವಿವರ. ರಿವಾಲ್ವರ್ ಅಂತ ಬರೆದಿದೆಯೋ, ಪಿಸ್ತೂಲ್ ಅಂತಲೋ, ಎರಡರಲ್ಲೊಂದು ಅಂತಲೋ ನೋಡಿ. ಎರಡು, ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ ಅನ್ನುವ ಜಾಗ. ನಿಮ್ಮಂಥವರಿಗೆ ಇದು ಬಹಳ ಮುಖ್ಯ. ಒಣದ್ರಾಕ್ಷಿ ವ್ಯಾಪಾರ ಅಂದ ಮೇಲೆ ಸಾಂಗಲಿ, ತಾಸಗಾಂವ, ಸೊಲ್ಲಾಪುರ ಅಂತ ಓಡಾಟ ಇದ್ದೇ ಇರುತ್ತದೆ. ಪುಸ್ತಕದಲ್ಲಿ ಕರ್ನಾಟಕ ಅಂತಷ್ಟೇ ಇದ್ದು, ನೀವು ರಿವಾಲ್ವರ್ ಸೊಂಟದಲ್ಲಿಟ್ಟುಕೊಂಡು ಗಡಿ ದಾಟಿದರೆ, ಆಚೆ ಕಡೆ ನೀವು ಲೈಸೆನ್ಸ್ ಇಲ್ಲದ ಮನುಷ್ಯ. ನಮ್ಮ ಗಡಿ ಭಾಗದಲ್ಲಿ ಊರು ಮುಗಿದು ಊರು ಶುರುವಾಗಿದ್ದೇ ಗೊತ್ತಾಗುವುದಿಲ್ಲ. ಆದರೆ ಕೇಸ್ ಬರೆಯುವವರು ಕೇಳುವುದು ಪುಸ್ತಕವನ್ನು.

9 ಎಂಎಂ, .38 ಇವನ್ನು ಮರೆತುಬಿಡಿ. ಅವು ಸೈನ್ಯ, ಪೊಲೀಸರ ತೋಟಾ. ನಿಷೇಧಿತ ಬೋರ್, ನಮಗೆ ಸಿಗುವುದಿಲ್ಲ. ಜನಸಾಮಾನ್ಯರಿಗೆ ಉಳಿಯುವುದು ಹೆಚ್ಚಾಗಿ .32 ಮತ್ತು .22. ಜೀವ ಉಳಿಸಿಕೊಳ್ಳುವ ಮಾತು ಬಂದಾಗ ನಾನು .22 ಹೇಳುವುದಿಲ್ಲ. ಶಕ್ತಿ ತೀರಾ ಕಮ್ಮಿ, ತೋಟಾ ಠುಸ್ ಆಗುವುದೂ ಜಾಸ್ತಿ.

ಈಗ ಬಹಳ ಜನ ಎಡವುವ ಜಾಗ. .32 ಅಂದರೆ ಒಂದೇ ತೋಟಾ ಅಲ್ಲ, ಎರಡು. ರಿವಾಲ್ವರ್‌ದು ಉದ್ದ. ಅದರ ಹಿತ್ತಾಳೆ ಕೊಳವೆಯೇ ಸುಮಾರು 23 ಮಿಲಿಮೀಟರ್, ಬುಡದಲ್ಲಿ ಎದ್ದು ಕಾಣುವ ಅಂಚು ಇರುತ್ತದೆ. ಪಿಸ್ತೂಲ್‌ದು ಗಿಡ್ಡ, ಸುಮಾರು 17 ಮಿಲಿಮೀಟರ್, ಅಂಚು ಬೆರಳಿಗೆ ಹತ್ತಿಯೂ ಹತ್ತದಷ್ಟು. ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಒಮ್ಮೆ ನೋಡಿ, ಆಮೇಲೆ ಮರೆಯುವುದಿಲ್ಲ. ಪಿಸ್ತೂಲ್ ತೋಟಾ ಕೆಲವು ರಿವಾಲ್ವರ್ ಒಳಗೆ ಸಲೀಸಾಗಿ ಇಳಿದುಬಿಡುತ್ತದೆ. ಇಳಿಯಿತು ಅಂತ ಹಾರಿಸಬೇಡಿ. ಅದರ ಅಳತೆಯೂ ಬೇರೆ, ಒತ್ತಡವೂ ಬೇರೆ. ಅಂಗಡಿಯಲ್ಲಿ "ಬತ್ತೀಸ್ ಬೋರ್ ತೋಟಾ ಕೊಡ್ರಿ" ಅಂತ ಕೇಳದೆ, "ಬತ್ತೀಸ್ ರಿವಾಲ್ವರ್ ತೋಟಾ" ಅಂತಲೇ ಕೇಳಿ, ಡಬ್ಬಿ ಓದಿ ತಗೊಳ್ಳಿ.

ರಿವಾಲ್ವರೇ ಯಾಕೆ ಅಂತ ಹೇಳುತ್ತೇನೆ. ತೋಟಾ ಹೊಡೆಯದೆ ಹೋಯಿತು ಅಂದುಕೊಳ್ಳಿ. ಪಿಸ್ತೂಲ್ ಆದರೆ ಸ್ಲೈಡ್, ಅಂದರೆ ಮೇಲಿನ ಸರಿಯುವ ಭಾಗ, ಹಿಂದಕ್ಕೆ ಎಳೆದು, ಕೆಟ್ಟ ತೋಟಾ ಹೊರಹಾಕಿ, ಹೊಸದನ್ನು ಒಳಗೆ ತರಬೇಕು. ಇದಕ್ಕೆ ಎರಡು ಕೈ ಬೇಕು, ಅಭ್ಯಾಸವೂ ಬೇಕು. ರಿವಾಲ್ವರ್‌ನಲ್ಲಿ ಟ್ರಿಗರ್ ಮತ್ತೊಮ್ಮೆ ಎಳೆದರೆ ಸಾಕು, ತೋಟಾ ಕೂರುವ ಆರು ತೂತಿನ ಸಿಲಿಂಡರ್ ತಿರುಗಿ ಮುಂದಿನ ತೋಟಾ ಬರುತ್ತದೆ. ಹೆದರಿಕೆಯಲ್ಲಿ ಕೈ ನಡುಗುವಾಗ ಇದು ದೊಡ್ಡ ಉಪಕಾರ. ಇನ್ನೊಂದು, ಸ್ಪ್ರಿಂಗ್. ಪಿಸ್ತೂಲ್ ನಡೆಯುವುದು ಮ್ಯಾಗಝಿನ್ ಮೇಲೆ, ಅಂದರೆ ಹಿಡಿಕೆಯೊಳಗೆ ಕೂರುವ ತೋಟಾ ಡಬ್ಬಿಯ ಮೇಲೆ. ಅದರ ತುಟಿ ಒಂದು ಚೂರು ಬಾಗಿದರೂ, ಸ್ಪ್ರಿಂಗ್ ಸೋತರೂ ತೋಟಾ ನೇರ ಹತ್ತುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ. ರಿವಾಲ್ವರ್‌ಗೆ ಆ ತಾಪತ್ರಯ ಇಲ್ಲ.

ಮೂರನೇ ಕಾರಣ ನನ್ನ ಸ್ವಂತದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪಿಸ್ತೂಲ್ ಒರೆಸಲು ಬಂತು. ನಾನು ಮೊದಲು ಸ್ಲೈಡ್ ಎಳೆದೆ, ಆಮೇಲೆ ಮ್ಯಾಗಝಿನ್ ತೆಗೆದೆ. ಕ್ರಮ ತಿರುಗುಮುರುಗಾಗಿತ್ತು. ಸ್ಲೈಡ್ ಎಳೆದಾಗ ಮ್ಯಾಗಝಿನ್‌ನಿಂದ ಒಂದು ತೋಟಾ ಮೇಲೆ ಹತ್ತಿ ನಳಿಕೆಯೊಳಗೆ ಕೂತಿತ್ತು. ಮ್ಯಾಗಝಿನ್ ನನ್ನ ಕೈಯಲ್ಲೇ ಇದೆ, ಇನ್ನೇನು ಖಾಲಿ ಅಂದುಕೊಂಡೆ. ನಮ್ಮಲ್ಲಿ ಮರಳು ತುಂಬಿದ ಪೆಟ್ಟಿಗೆಗೆ ಬಾಯಿ ಮಾಡಿಯೇ ಟ್ರಿಗರ್ ಒತ್ತಬೇಕು ಅನ್ನುವ ಕಟ್ಟುನಿಟ್ಟು ಇತ್ತು. ಹಾಗೇ ಮಾಡಿದೆ. ಢಂ ಅಂತು. ಮರಳು ಮುಖಕ್ಕೆ ಸಿಡಿಯಿತು. ಆ ದಿನ ಊಟ ಸೇರಲಿಲ್ಲ. ರಿವಾಲ್ವರ್ ಆದರೆ ತೆರೆದ ತಕ್ಷಣ ಆರು ತೂತೂ ಕಣ್ಣಿಗೆ ಕಾಣುತ್ತವೆ. ಖಾಲಿಯೋ ತುಂಬಿದೆಯೋ ಅಂತ ಅಂದಾಜು ಮಾಡುವ ಪ್ರಸಂಗವೇ ಬರುವುದಿಲ್ಲ. ಮಕ್ಕಳಿರುವ ಮನೆಗೆ, ಹೊಸ ಕೈಗೆ, ನಾನು ಇದನ್ನು ಹೇಳುವುದು ಅದಕ್ಕೇ.

ಇನ್ನು ಯಾವುದು ಅಂತ. ಹೊಸದಾಗಿ ಸಿಗುವುದರಲ್ಲಿ ಹೆಚ್ಚಿನವು ಕಾನ್ಪುರದ ಸರ್ಕಾರಿ ಕಾರ್ಖಾನೆಗಳವು. 2021ರ ಅಕ್ಟೋಬರ್‌ನಲ್ಲಿ ಆರ್ಡನೆನ್ಸ್ ಫ್ಯಾಕ್ಟರಿಗಳನ್ನು ಏಳು ಕಂಪನಿಗಳಾಗಿ ಮಾಡಿದ ಮೇಲೆ ಇವು ಆ ಏಳರಲ್ಲೊಂದಾದ ಎಡಬ್ಲ್ಯುಇಐಎಲ್ ಹೆಸರಲ್ಲಿ ಬರುತ್ತಿವೆ. ಹಳೆಯ ಮಾದರಿಯ .32 ರಿವಾಲ್ವರ್ ಇಂಗ್ಲೆಂಡಿನ ವೆಬ್ಲಿ ಕಂಪನಿಯ ವಿನ್ಯಾಸದ್ದು. ನಡುವೆ ಮಡಚಿ ತೆರೆಯುತ್ತದೆ, ತೆರೆದರೆ ಖಾಲಿ ಕೊಳವೆಗಳು ತಾವೇ ಮೇಲೆ ಬರುತ್ತವೆ. 2014ರಲ್ಲಿ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಅರ್ಧ ಕಿಲೋ ತೂಕ. 2023ರ ಆಗಸ್ಟ್‌ನಲ್ಲಿ ಬಂದ ಪ್ರಬಲ್‌ನ ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆಯುತ್ತದೆ, ತೂಕ ಸುಮಾರು 700 ಗ್ರಾಂ.

ನನ್ನನ್ನು ಕೇಳಿದರೆ ಪ್ರಬಲ್. ಪಕ್ಕಕ್ಕೆ ಹೊರಳುವ ಸಿಲಿಂಡರ್ ಇದ್ದರೆ ಮೇಲಿನ ಚೌಕಟ್ಟು ಒಂದೇ ತುಂಡಾಗಿ ಉಳಿಯುತ್ತದೆ. ಮಡಚುವ ಮಾದರಿಯಲ್ಲಿ ಕೀಲು ಮತ್ತು ಕೊಂಡಿ ವರ್ಷ ಕಳೆದಂತೆ ಸಡಿಲಾಗುತ್ತವೆ. ನಿರ್ಭೀಕ್ ಹಗುರ, ಜೇಬಿಗೆ ಹಿತ. ಆದರೆ ಹಗುರವಾದಷ್ಟೂ ಕೈಗೆ ಒದೆತ ಜಾಸ್ತಿ, ಹೊಸಬರು ಎರಡನೇ ಗುಂಡಿಗೇ ಕಣ್ಣು ಮುಚ್ಚುತ್ತಾರೆ. ಪ್ರಬಲ್ 50 ಮೀಟರ್ ಹೊಡೆಯುತ್ತೆ ಅಂತ ಹೇಳಿ ಮಾರುತ್ತಾರೆ. ಆ ಮಾತಿಗೆ ಬೆಲೆ ಕೊಡಬೇಡಿ. ನಿಮ್ಮ ಕಾರಿನ ಬಾಗಿಲಿನಿಂದ ಎದುರಿನವನ ಎದೆಗೆ ಎರಡು ಮಾರು ದೂರ.

ಆ ಜರ್ಮನ್ ಪಿಸ್ತೂಲ್ ವಿಷಯ. ವಿದೇಶಿ ಆಯುಧ ನಾಗರಿಕರಿಗೆ ಮಾರಲು ತರಿಸುವುದು ನಮ್ಮಲ್ಲಿ 1980ರ ದಶಕದಲ್ಲೇ ನಿಂತಿತು. ಹಾಗಾಗಿ ಈಗ ಕೈ ಬದಲಾಗುತ್ತಿರುವ ವಿದೇಶಿ ಪಿಸ್ತೂಲ್‌ಗಳಲ್ಲಿ ಬಹುಪಾಲು ಅದಕ್ಕೂ ಮೊದಲಿನವು. ಹೆಸರಿಗೆ ತಕ್ಕ ಉಕ್ಕು, ಸುಳ್ಳಲ್ಲ. ನಾನೇ ಎಷ್ಟೋ ಬಿಚ್ಚಿ ಬೆರಗಾಗಿದ್ದೇನೆ. ಆದರೆ ಬೆಲೆ ಹೊಸ ದೇಶಿ ರಿವಾಲ್ವರ್‌ನ ಹಲವು ಪಟ್ಟು. ಬಿಡಿಭಾಗ ಎಲ್ಲಿಂದ ತರುತ್ತೀರಿ? ಖಾನಾಪುರ ಕಡೆಯ ಒಬ್ಬ ರೈತರು ಹೊಲ ಮಾರಿದ ದುಡ್ಡಲ್ಲಿ ಅಂಥದ್ದೊಂದು ಕೊಂಡು ತಂದಿದ್ದರು. ಖಾಲಿ ಕೊಳವೆ ಎಳೆದು ಹೊರಹಾಕುವ ಕೊಕ್ಕೆ ಇರುತ್ತದಲ್ಲ, ಅದರ ತುದಿ ಉಗುರಿನ ಚೂರಿನಷ್ಟು ಮುರಿದಿತ್ತು. ಅಷ್ಟೇ. ಪ್ರತಿ ಗುಂಡಿಗೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ಯಾರೋ ಮಿಸ್ತ್ರಿ ಅರದಿಂದ ಉಜ್ಜಿ ಒಂದು ಕೊಕ್ಕೆ ಮಾಡಿಕೊಟ್ಟ, ಅದು ಮೂರನೇ ದಿನ ಮುರಿಯಿತು. ಈಗ ಪಿಸ್ತೂಲ್ ಅವರ ತಿಜೋರಿಯಲ್ಲಿ ಚಿನ್ನದ ಹಾಗೆ ಮಲಗಿದೆ.

ಹಳೆಯದನ್ನೇ ಕೊಳ್ಳುವುದಾದರೂ, ಹೊಸದನ್ನೇ ಕೊಳ್ಳುವುದಾದರೂ, ಕೌಂಟರ್ ಮೇಲೆ ಇಟ್ಟಾಗ ಮಾಡಬೇಕಾದ ಪರೀಕ್ಷೆ ಒಂದೇ. ಹೊಸದರಲ್ಲೂ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ. ಸಾಧ್ಯವಾದರೆ ಎರಡು ಮೂರು ತರಿಸಿ ನೋಡಿ. ಅವಸರ ಮಾಡಬೇಡಿ, ಚಹಾ ತರಿಸಿದರೆ ಕುಡಿಯಿರಿ, ಆದರೆ ನೋಡುವುದನ್ನು ಪೂರ್ತಿ ನೋಡಿ.

ಮೊದಲು ಮೂತಿ ಗೋಡೆ ಕಡೆ. ತೆರೆಯಿರಿ. ಆರು ತೂತಿನಲ್ಲೂ ಕಣ್ಣು ಹಾಯಲಿ, ಬೆರಳೂ ಹಾಯಲಿ. ಖಾಲಿ ಅಂತ ಅಂಗಡಿಯವರು ಹೇಳಿದರೂ ನೀವೇ ನೋಡಿ. ಬಿಳಿ ಕಾಗದದ ಚೂರನ್ನು ಹಿಂದುಗಡೆ ಹಿಡಿದು ನಳಿಕೆಯೊಳಗೆ ನೋಡಿ. ಸುರುಳಿ ಗೆರೆಗಳು ಚೂಪಾಗಿ, ಹೊಳೆಯುತ್ತ ಕಾಣಬೇಕು. ಕಪ್ಪು ಚುಕ್ಕೆ, ಗುಳಿ ಕಂಡರೆ ಅದು ತುಕ್ಕು ತಿಂದ ಜಾಗ. ಉಂಗುರದಂಥ ಉಬ್ಬು ಕಂಡರೆ ಅಲ್ಲಿಗೇ ಕೆಳಗಿಡಿ. ಒಮ್ಮೆ ಗುಂಡು ಒಳಗೆ ಸಿಕ್ಕಿಕೊಂಡಿರುವಾಗ ಹಿಂದಿನಿಂದ ಇನ್ನೊಂದು ಹೊಡೆದಿದ್ದಾರೆ ಅಂತ ಅರ್ಥ.

ಮುಚ್ಚಿ. ಈಗ ಹ್ಯಾಮರ್ ಅನ್ನು, ಹಿರಿಯರು ಕುದುರೆ ಅಂತಿದ್ದರಲ್ಲ, ಅದನ್ನು ಹೆಬ್ಬೆರಳಿನಿಂದ ನಿಧಾನವಾಗಿ ಹಿಂದಕ್ಕೆ ತನ್ನಿ. ಕಿವಿ ಕೊಡಿ. ಕುದುರೆ ಪೂರ್ತಿ ಕೂರುವಷ್ಟರಲ್ಲಿ ಸಿಲಿಂಡರ್ ಟಕ್ ಅಂತ ಬೀಗ ಹಾಕಿಕೊಳ್ಳಬೇಕು. ಕುದುರೆ ಕೂತ ಮೇಲೂ ಸಿಲಿಂಡರ್ ಇನ್ನೂ ಹೊರಳುತ್ತಿದ್ದರೆ ತೂತು ನಳಿಕೆಗೆ ಸರಿಯಾಗಿ ಎದುರಾಗಿಲ್ಲ. ಗುಂಡು ಹೊರಡುವಾಗ ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ, ಪಕ್ಕದಲ್ಲಿ ನಿಂತವರ ಮುಖಕ್ಕೆ. ಆರಕ್ಕೆ ಆರೂ ಹೀಗೆ ನೋಡಿ. ಐದು ಸರಿ ಇದ್ದು ಒಂದು ತಪ್ಪಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಸಿಲಿಂಡರ್ ಹಿಡಿದು ಹಿಂದೆ ಮುಂದೆ ಅಲುಗಾಡಿಸಿ. ಕೂದಲೆಳೆಯಷ್ಟು ಅಲುಗಿದರೆ ಸಹಜ. ಕಟಕಟ ಅಂದರೆ ಬೇಡ. ಸಿಲಿಂಡರ್‌ಗೂ ನಳಿಕೆಗೂ ನಡುವಿನ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ. ತೆಳು ಗೆರೆ ಕಾಣಬೇಕು, ತಿರುಗಿಸಿದಾಗ ಆ ಗೆರೆ ದಪ್ಪ ತೆಳು ಆಗಬಾರದು. ಮಡಚುವ ಮಾದರಿ ಆದರೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ನಳಿಕೆ ಹಿಡಿದು ತಿರುಚಿ. ಕೀಲಿನಲ್ಲಿ ಏನೂ ಅಲುಗಬಾರದು.

ಸ್ಕ್ರೂ ತಲೆಗಳನ್ನು ನೋಡಿ. ಕಚ್ಚಿ ಹೋಗಿದ್ದರೆ ಯಾರೋ ಗೊತ್ತಿಲ್ಲದವರು ಒಳಗೆ ಕೈ ಹಾಕಿದ್ದಾರೆ. ಪ್ರೂಫ್ ಗುರುತು (ಪರೀಕ್ಷೆ ಮಾಡಿ ಒತ್ತಿದ ಮುದ್ರೆ) ಇದೆಯೇ, ನಂಬರ್ ಸ್ಪಷ್ಟ ಇದೆಯೇ, ಬಿಲ್ಲಿನಲ್ಲಿ ಬರೆದ ನಂಬರ್ ಅದೇನಾ, ಮೂರನ್ನೂ ನೀವೇ ಓದಿ. ಒಂದು ಅಂಕಿ ತಪ್ಪಿದರೂ ಆಮೇಲೆ ಕಚೇರಿ ಸುತ್ತಬೇಕಾಗುತ್ತದೆ.

ಕೊನೆಗೆ ನಿಮ್ಮ ಬೆರಳಿನ ಪರೀಕ್ಷೆ. ಅಂಗಡಿಯವರ ಒಪ್ಪಿಗೆ ಕೇಳಿ, ಮದ್ದಿಲ್ಲದ ಡಮ್ಮಿ ತೋಟಾ ಹಾಕಿಸಿಕೊಂಡು, ಕುದುರೆ ಹಿಂದಕ್ಕೆ ತರದೆ ಬರೀ ಟ್ರಿಗರ್ ಎಳೆದು ಹತ್ತು ಸಲ ಒತ್ತಿ. ಗಟ್ಟಿ ಇರುತ್ತದೆ, ಇರಲೇಬೇಕು. ಆ ಗಟ್ಟಿತನವೇ ಅದರ ಕಾವಲು. ಆದರೆ ಹತ್ತನೆಯದಕ್ಕೆ ಬೆರಳು ನಡುಗಿ ಮೂತಿ ಓಲಾಡಿದರೆ ಇನ್ನೊಂದು ತೆಗೆಸಿ. ಕೆಲವರು ಟ್ರಿಗರ್ ಮೆದು ಮಾಡಿಸಲು ಸ್ಪ್ರಿಂಗ್ ಕತ್ತರಿಸುತ್ತಾರೆ. ದಯವಿಟ್ಟು ಬೇಡ. ಕುದುರೆಯ ಪೆಟ್ಟು ಸಾಲದೆ ತೋಟಾ ಹೊಡೆಯುವುದೇ ಇಲ್ಲ. ಕೈಕೊಟ್ಟಿತು ಅಂತ ನನ್ನ ಹತ್ತಿರ ಬಂದ ರಿವಾಲ್ವರ್‌ಗಳಲ್ಲಿ ಕತ್ತರಿಸಿದ ಸ್ಪ್ರಿಂಗ್ ಒಂದು ಕಾರಣ. ಒಣಗಿ ಅಂಟಾದ ಎಣ್ಣೆ ಇನ್ನೊಂದು.

ಭೀಮಾ ತೀರದ ಜಿಲ್ಲೆಯವರು ನೀವು, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕಂಟ್ರಿ ಪಿಸ್ತೂಲ್ ಸೋವಿಗೆ ಸಿಗುತ್ತೆ ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ಎದ್ದು ಬನ್ನಿ. ಎಂಥದೋ ಕೊಳವೆ, ಹದ ಮಾಡದ ಕಬ್ಬಿಣ. ಎದುರಿನವನಿಗಿಂತ ಹಿಡಿದವನ ಕೈಗೇ ಅಪಾಯ. ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೂ ಜೈಲು. ನಿಮ್ಮ ಕೈಯಲ್ಲಿರುವ ಲೈಸೆನ್ಸೂ ಹೋಗುತ್ತದೆ.

ತೋಟಾ ನಮ್ಮ ಪಕ್ಕದಲ್ಲೇ, ಪುಣೆ ಹತ್ತಿರದ ಖಡಕಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 1869ರಿಂದ ನಡೆದಿರುವ ಕಾರ್ಖಾನೆ ಅದು. ಬುಡದಲ್ಲಿ ಕೆಎಫ್ ಅಂತ ಅಚ್ಚು ಇರುತ್ತದೆ. ಯಾವ ಆಯುಧ ಕೊಂಡರೂ ಮೊದಲು ನಿಮ್ಮ ಅಂಗಡಿಯವರನ್ನು ಕೇಳಿ: ಇದರ ತೋಟಾ ವರ್ಷವಿಡೀ ನಿಮ್ಮಲ್ಲಿ ಸಿಗುತ್ತಾ? ಹೌದು ಅಂದರೆ ಮಾತ್ರ ಮುಂದಿನ ಮಾತು. ತೋಟಾ ಸಿಗದಿದ್ದರೆ ಅಭ್ಯಾಸ ಇಲ್ಲ. ಅಭ್ಯಾಸ ಇಲ್ಲದವನ ಕೈಯಲ್ಲಿ ಎಂಥ ಒಳ್ಳೆಯ ಆಯುಧ ಇದ್ದರೂ ನಂಬುವಂತಿಲ್ಲ. ಹಳೆಯ ತೋಟಾ ಕೂಡಿಡಬೇಡಿ, ಡಬ್ಬಿಯ ಮೇಲಿನ ವರ್ಷ ನೋಡಿ ಹಳೆಯದನ್ನು ಅಭ್ಯಾಸಕ್ಕೆ ಖರ್ಚು ಮಾಡಿ, ಹೊಸದನ್ನು ಇಟ್ಟುಕೊಳ್ಳಿ. ತೋಟಾಕ್ಕೆ ಎಣ್ಣೆ ತಾಗಿಸಬೇಡಿ. ಎಣ್ಣೆ ಬುಡದಲ್ಲಿ ಪೆಟ್ಟು ಬೀಳುವ ಟೋಪಿಯೊಳಗೆ ಇಳಿದರೆ ಮದ್ದು ಸಾಯುತ್ತದೆ.

ಅಭ್ಯಾಸ ಎಲ್ಲಿ ಅಂತ ಕೇಳುತ್ತೀರಿ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ, ಎಸ್ಪಿ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ ಉದ್ದ ಬಂದೂಕು ಕೊಡಬಹುದು, ಆದರೂ ಹೋಗಿ. ಮೂತಿ ಎತ್ತ ಇರಬೇಕು, ಬೆರಳು ಎಲ್ಲಿರಬೇಕು ಅನ್ನುವುದು ಮೈಗೆ ಹತ್ತುವುದು ಅಲ್ಲೇ. ನಿಮ್ಮ ರಿವಾಲ್ವರನ್ನು ರೇಂಜ್ ಬಿಟ್ಟು ತೋಟದಲ್ಲೋ ಹಳ್ಳದಲ್ಲೋ ಹಾರಿಸಿ ನೋಡಬೇಡಿ. ಮೊದಲ ಸಲ ಹಾರಿಸುವಾಗ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಇರಲಿ. ಅಭ್ಯಾಸದಲ್ಲಿ ಒತ್ತಿದಾಗ ಹೊಡೆಯದಿದ್ದರೆ ತಕ್ಷಣ ಮತ್ತೆ ಒತ್ತದೆ, ಮೂತಿ ಗುರಿ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ, ತಡವಾಗಿ ಹೊಡೆಯುವುದೂ ಉಂಟು. ಢಂ ಬದಲು ಪುಸ್ ಅಂದರೆ ಪೂರ್ತಿ ನಿಲ್ಲಿಸಿ. ಗುಂಡು ನಳಿಕೆಯಲ್ಲೇ ಉಳಿದಿರಬಹುದು. ನಾನು ಹೇಳಿದ ಆ ಉಂಗುರದ ಉಬ್ಬು ಬರುವುದು ಹೀಗೇ.

ಮನೆಯಲ್ಲಿ ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ ಇರಲಿ. ರಿವಾಲ್ವರ್ ಒಂದರಲ್ಲಿ, ತೋಟಾ ಬೇರೆ ಬೀಗದಲ್ಲಿ. ಕೀಲಿ ದೇವರ ಮನೆಯ ಗೂಡಲ್ಲೋ ಹಾಸಿಗೆ ಕೆಳಗೋ ಇಟ್ಟರೆ ಮಕ್ಕಳಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಕೀಲಿ ನಿಮ್ಮ ಮೈಮೇಲೆ ಇರಬೇಕು. ಮನೆಯವರಿಗೆ ರಿವಾಲ್ವರ್ ತೆರೆದು ಖಾಲಿ ನೋಡುವುದನ್ನು ಕಲಿಸಿ. ತಿಕೋಟಾ ಕಡೆ ಹವೆ ಒಣ, ನೀವು ಪುಣ್ಯವಂತರು. ಬೆಳಗಾವಿ ಮಳೆಗಾಲದಲ್ಲಿ ಚರ್ಮದ ಹೋಲ್‌ಸ್ಟರ್ ಒಳಗೇ ಬಿಟ್ಟ ರಿವಾಲ್ವರ್ ತೆಗೆದರೆ, ಚರ್ಮ ತಾಗಿದ ಕಡೆಯೆಲ್ಲ ಕೆಂಪು ಗೆರೆ ಎದ್ದಿರುತ್ತದೆ. ಹೋಲ್‌ಸ್ಟರ್ ಬೇರೆ, ಆಯುಧ ಬೇರೆ ಇಡಿ. ಚುನಾವಣೆ ಬಂದರೆ ಆಯುಧ ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ಒಪ್ಪಿಸುವ ಹಿಂದಿನ ದಿನ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ, ನಂಬರ್ ಬರೆದ ರಸೀದಿ ಇಸ್ಕೊಳ್ಳಿ. ಉಕ್ಕು ತಿಂಗಳುಗಟ್ಟಲೆ ಸುಮ್ನೆ ಕೂತರೂ ತುಕ್ಕು ಹಿಡಿಯುತ್ತದೆ.

ಹೊರಗೆ ಒಯ್ಯುವಾಗ ಹೋಲ್‌ಸ್ಟರ್‌ನಲ್ಲಿ, ಮೇಲೆ ಬಟ್ಟೆ ಮುಚ್ಚಿ. 2016ರ ಆರ್ಮ್ಸ್ ರೂಲ್ಸ್ ಕೇಳುವುದೂ ಅದನ್ನೇ. ಜಾತ್ರೆ, ಮದುವೆ ಮನೆಗೆ ಒಯ್ಯಲೇಬೇಡಿ. ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಒಬ್ಬ ವಕೀಲರ ಹತ್ತಿರ ಕೂತು ಅಷ್ಟನ್ನೂ ಓದಿಸಿಕೊಳ್ಳಿ. ರೊಕ್ಕ ಕಿತ್ತುಕೊಂಡು ಓಡಿ ಹೋಗುತ್ತಿರುವವನ ಬೆನ್ನಿಗೆ ಹೊಡೆದರೆ ಕೋರ್ಟು ಬೇರೆ ಲೆಕ್ಕ ಹಾಕುತ್ತದೆ.

ಇನ್ನು ನಿಮ್ಮ ಕಾರಿನ ಕಥೆ. ಅದು ನನ್ನ ಮನಸ್ಸಿನಲ್ಲೇ ಉಳಿದಿದೆ. ರಿವಾಲ್ವರ್ ತಂದ ಮೇಲೆ ಮನೆ ಅಂಗಳದಲ್ಲಿ, ಮಕ್ಕಳು ಶಾಲೆಗೆ ಹೋದಾಗ, ತೋಟಾ ಎಲ್ಲಾ ಒಳಗೆ ಬೀಗ ಹಾಕಿ, ಆರು ತೂತೂ ಖಾಲಿ ಅಂತ ಎರಡು ಸಲ ನೋಡಿ ಕಾರಿನಲ್ಲಿ ಕೂತುಕೊಳ್ಳಿ. ಬೆಲ್ಟ್ ಹಾಕಿ. ಸೊಂಟದಿಂದ ರಿವಾಲ್ವರ್ ತೆಗೆಯಲು ಎಷ್ಟು ಹೊತ್ತಾಗುತ್ತದೆ, ಮನೆಯವರ ಕೈಯಲ್ಲಿ ಮೊಬೈಲ್ ಕೊಟ್ಟು ಲೆಕ್ಕ ಹಾಕಿಸಿ. ಬೆಲ್ಟ್ ಬಿಚ್ಚಬೇಕು, ಅಂಗಿ ಎತ್ತಬೇಕು, ಸ್ಟೇರಿಂಗ್ ಮೊಣಕೈಗೆ ತಾಗುತ್ತದೆ. ಅಷ್ಟು ಹೊತ್ತಿನಲ್ಲಿ ಆಕ್ಸಲರೇಟರ್ ಒತ್ತಿ ಕಾರು ಎಷ್ಟು ದೂರ ಹೋಗುತ್ತಿತ್ತು ಅಂತಲೂ ಯೋಚಿಸಿ. ಬಾಗಿಲು ಲಾಕ್, ಗ್ಲಾಸ್ ಮೇಲೆ, ಜೊತೆಗೆ ಇನ್ನೊಬ್ಬರು, ದೊಡ್ಡ ರೊಕ್ಕವೆಲ್ಲ ಬ್ಯಾಂಕಿನ ಮೂಲಕ: ಇವು ಮೊದಲು. ರಿವಾಲ್ವರ್ ಇವೆಲ್ಲ ಮುಗಿದ ಮೇಲೆ. ಕೊಳ್ಳುವ ದಿನ ಗೊತ್ತಾದರೆ ತಿಳಿಸಿ. ಕೌಂಟರ್‌ನಲ್ಲಿ ಏನಾದರೂ ಅನುಮಾನ ಬಂದರೆ ದುಡ್ಡು ಕೊಡುವ ಮೊದಲೇ ಕೇಳಿ.